ಅಮೆರಿಕದ ಗುಲಾಮಗಿರಿ ಮತ್ತು ಮುಗಿಯದ ರಾಜಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗುಲಾಮಗಿರಿಯ ಜಗಳದಲ್ಲಿ ಉತ್ತರ, ದಕ್ಷಿಣದ ರಾಜ್ಯಗಳು ಕಾದಾಡಿದ ಅಮೆರಿಕದ ಅಂತರ್ಯುದ್ಧದ (1861–65) ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: "ಕೂತು ಮಾತಾಡಿ ಬಗೆಹರಿಸಿಕೊಳ್ಳಬಹುದಿತ್ತಲ್ಲ?" ಅವರು ಕೂತರು, ಮಾತಾಡಿದರು, ಒಂದಲ್ಲ ಹತ್ತು ಸಲ ಬಗೆಹರಿಸಿಕೊಂಡರು ಕೂಡ. 1787ರಿಂದ 1861ರವರೆಗಿನ ಆ ರಾಜಿಗಳ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದು ಸೂಚನೆ: ಇಲ್ಲಿ ಬರುವ 'ಕಾಂಗ್ರೆಸ್' ಅವರ ಸಂಸತ್ತು, ನಮ್ಮ ಪಕ್ಷವಲ್ಲ; ಪ್ರತಿನಿಧಿ ಸಭೆ ಮತ್ತು ಸೆನೆಟ್ ಅದರ ಎರಡು ಸದನಗಳು.

ಈ ರಾಜಿಗಳು ಯಾರ ಯಾರ ನಡುವೆ ಆದವು?

ಉತ್ತರದ ಬಿಳಿಯ ರಾಜಕಾರಣಿಗಳು ಮತ್ತು ದಕ್ಷಿಣದ ಬಿಳಿಯ ರಾಜಕಾರಣಿಗಳ ನಡುವೆ. ನಮ್ಮ ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲಿ ರಾಜಿ ಎಂದರೆ ವಾದಿ, ಪ್ರತಿವಾದಿ ಇಬ್ಬರೂ ಎದುರು ಕೂತಿರಬೇಕು. ಇಲ್ಲಿ ಯಾರ ಬದುಕನ್ನು ಪಣಕ್ಕಿಟ್ಟು ಚೌಕಾಸಿ ನಡೆಯಿತೋ ಅವರನ್ನು ಕಟ್ಟೆಯ ಹತ್ತಿರಕ್ಕೂ ಬಿಡಲಿಲ್ಲ. ಎರಡು ಕೋಣಗಳ ಕಾಳಗದಲ್ಲಿ ಗಿಡಕ್ಕೆ ಕೇಡು ಅನ್ನುತ್ತೇವೆ. ಇಲ್ಲಿ ಕೋಣಗಳು ಕಾದಾಡದೆ ಒಪ್ಪಂದಕ್ಕೆ ಬಂದರೂ ಗಿಡಕ್ಕೆ ಕೇಡೇ. ಮುಂದಿನ ಎಲ್ಲ ಉತ್ತರಗಳನ್ನೂ ಇದನ್ನು ನೆನಪಿಟ್ಟುಕೊಂಡೇ ಓದಿ.

ಸಂವಿಧಾನದಲ್ಲೇ ಗುಲಾಮಗಿರಿಗೆ ಒಪ್ಪಿಗೆ ಇತ್ತೇ? 'ಐದರಲ್ಲಿ ಮೂರು' ಅಂದರೇನು?

ಒಪ್ಪಿಗೆ ಇತ್ತು, ಹೆಸರು ಮಾತ್ರ ಇರಲಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಮೂಲ ಸಂವಿಧಾನದಲ್ಲಿ 'ಗುಲಾಮ' ಎಂಬ ಪದವನ್ನು ನೀವು ಎಷ್ಟು ಹುಡುಕಿದರೂ ಸಿಗುವುದಿಲ್ಲ. 'ಇತರ ವ್ಯಕ್ತಿಗಳು', 'ದುಡಿಮೆಗೆ ಒಳಪಟ್ಟ ವ್ಯಕ್ತಿ' ಎಂದೆಲ್ಲ ಸುತ್ತಿಬಳಸಿ ಬರೆದರು. ನಾಚಿಕೆ ಇತ್ತು, ಆದರೆ ಬಿಡುವಷ್ಟು ಇರಲಿಲ್ಲ.

ಒಳಗೆ ಮೂರು ರಾಜಿಗಳಿದ್ದವು. ಪ್ರತಿನಿಧಿ ಸಭೆಯ ಸೀಟುಗಳನ್ನು ಜನಸಂಖ್ಯೆಗೆ ತಕ್ಕಂತೆ ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಭಾಗವನ್ನು ಲೆಕ್ಕಕ್ಕೆ ಹಿಡಿಯುವುದು ಮೊದಲನೆಯದು. 1808ರ ತನಕ ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಕಾಂಗ್ರೆಸ್ ನಿಷೇಧಿಸುವಂತಿಲ್ಲ ಎಂಬುದು ಎರಡನೆಯದು. ಬೇರೆ ರಾಜ್ಯಕ್ಕೆ ಓಡಿಹೋದವರನ್ನು ಒಡೆಯರಿಗೆ ಹಿಂದಿರುಗಿಸಬೇಕು ಎಂಬುದು ಮೂರನೆಯದು.

'ಐದರಲ್ಲಿ ಮೂರು' ಎಂದ ಕೂಡಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ಗುಲಾಮರನ್ನು ಪೂರ್ತಿ ಎಣಿಸಬೇಕು ಎಂದು ಹಟ ಹಿಡಿದವರು ಒಡೆಯರು! ಎಣಿಸಲೇಬಾರದು ಎಂದವರು ಗುಲಾಮಗಿರಿಯನ್ನು ಒಪ್ಪದವರು. ಯಾಕೆಂದರೆ ಆ ಎಣಿಕೆಯಿಂದ ಗುಲಾಮನಿಗೆ ಓಟು ಸಿಗುತ್ತಿರಲಿಲ್ಲ, ಅವನ ಒಡೆಯನ ರಾಜ್ಯಕ್ಕೆ ಹೆಚ್ಚು ಸೀಟು ಸಿಗುತ್ತಿತ್ತು. ಅಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೆ ಇಷ್ಟಿಷ್ಟು ಎಂದು ಹಂಚಿದ ಮತಗಳೂ ಅದೇ ಲೆಕ್ಕಕ್ಕೆ ಅಂಟಿಕೊಂಡಿದ್ದವು. 1800ರ ಚುನಾವಣೆಯಲ್ಲಿ ಥಾಮಸ್ ಜೆಫರ್ಸನ್ 73 ಮತ ಪಡೆದು 65 ಮತ ಪಡೆದ ಜಾನ್ ಆಡಮ್ಸ್ ಅವರನ್ನು ಸೋಲಿಸಿದರಲ್ಲ, ಗುಲಾಮರ ಲೆಕ್ಕದಿಂದ ಬಂದ ಹೆಚ್ಚುವರಿ ಮತಗಳು ಇಲ್ಲದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದರು ಎಂದು ಹಲವು ಇತಿಹಾಸಕಾರರು ಕೂಡಿ ಕಳೆದು ತೋರಿಸಿದ್ದಾರೆ.

ಗುಲಾಮಗಿರಿ ತಾನಾಗಿ ಸಾಯುತ್ತದೆ ಎಂದು ಅವರು ನಂಬಿದ್ದರಂತೆ. ನಿಜವೇ?

ಕೆಲವರು ನಂಬಿದ್ದರು, ಮತ್ತು ಆಗ ಅದು ಮೂರ್ಖತನವಾಗಿ ಕಾಣುತ್ತಿರಲಿಲ್ಲ. ಉತ್ತರದ ರಾಜ್ಯಗಳು ಒಂದೊಂದಾಗಿ ಗುಲಾಮಗಿರಿಯನ್ನು ಕೈಬಿಡುತ್ತಿದ್ದವು. ಒಹಾಯೊ ನದಿಯ ವಾಯವ್ಯಕ್ಕಿದ್ದ ಹೊಸ ಪ್ರದೇಶದಲ್ಲಿ ಗುಲಾಮಗಿರಿ ಇರಕೂಡದು ಎಂದು 1787ರಲ್ಲೇ ಕಾನೂನಾಗಿತ್ತು. ತಂಬಾಕಿನ ಬೆಳೆ ಮಣ್ಣನ್ನು ಹೀರಿ ಲಾಭ ಇಳಿಯುತ್ತಿತ್ತು.

ಆಮೇಲೆ ಹತ್ತಿ ಬಂತು. 1793ರಲ್ಲಿ ಎಲೈ ವಿಟ್ನಿ ಮಾಡಿದ ಜಿನ್ ಯಂತ್ರ ಹತ್ತಿಯಿಂದ ಬೀಜ ಬಿಡಿಸುವ ಕೆಲಸವನ್ನು ಸರಾಗ ಮಾಡಿತು. ಕೈಯಿಂದ ಅರಳೆ ಬಿಡಿಸಿದ ಮನೆಯವರಿಗೆ ಅದು ಎಂಥ ಬದಲಾವಣೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಯಂತ್ರ ಬೀಜ ಬಿಡಿಸುತ್ತದೆ, ಹೊಲದಲ್ಲಿ ಹತ್ತಿ ಬಿಡಿಸಲು ಕೈಗಳೇ ಬೇಕು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರ ಸಂಖ್ಯೆ 1860ಕ್ಕೆ 40 ಲಕ್ಷದ ಹತ್ತಿರ ಬಂತು. ಆ ಹೊತ್ತಿಗೆ ಅಮೆರಿಕದ ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯದೇ. ಸಾಯುವ ರೋಗಿ ಎಂದು ಕಾದು ಕೂತವರಿಗೆ ಎದುರಾದದ್ದು ಕೊಬ್ಬಿ ಬೆಳೆದ ಮಲ್ಲ.

ಮಿಸೌರಿ ರಾಜಿ (1820) ಏನು?

1819ರಲ್ಲಿ ಗುಲಾಮಗಿರಿ ಇದ್ದ 'ಗುಲಾಮ ರಾಜ್ಯಗಳು' 11, ಅದು ಬೇಡವೆಂದ 'ಮುಕ್ತ ರಾಜ್ಯಗಳು' 11. ಪ್ರತಿ ರಾಜ್ಯಕ್ಕೂ ಸೆನೆಟ್‌ನಲ್ಲಿ ಇಬ್ಬರು, ಹಾಗಾಗಿ ತಕ್ಕಡಿ ಸಮ. ಆಗ ಗುಲಾಮರಿದ್ದ ಮಿಸೌರಿ ರಾಜ್ಯವಾಗಲು ಅರ್ಜಿ ಹಾಕಿತು. ನ್ಯೂಯಾರ್ಕಿನ ಜೇಮ್ಸ್ ಟಾಲ್‌ಮಾಡ್ಜ್ ಒಂದು ಷರತ್ತು ಮುಂದಿಟ್ಟರು: ಮಿಸೌರಿಗೆ ಇನ್ನು ಹೊಸ ಗುಲಾಮರನ್ನು ತರಬಾರದು, ಮುಂದೆ ಹುಟ್ಟುವ ಮಕ್ಕಳಿಗೆ 25 ತುಂಬಿದಾಗ ಬಿಡುಗಡೆ. ಜನಸಂಖ್ಯೆ ಹೆಚ್ಚಿದ್ದ ಉತ್ತರದ ಬಲದಿಂದ ಪ್ರತಿನಿಧಿ ಸಭೆಯಲ್ಲಿ ಅದು ಗೆದ್ದಿತು, ಸೆನೆಟ್‌ನಲ್ಲಿ ಬಿದ್ದಿತು.

ಕೊನೆಗೆ ಆದ ಒಪ್ಪಂದ ಇದು: ಮಿಸೌರಿ ಗುಲಾಮ ರಾಜ್ಯ, ಮ್ಯಾಸಚೂಸೆಟ್ಸ್‌ನಿಂದ ಬೇರ್ಪಟ್ಟ ಮೇನ್ ಮುಕ್ತ ರಾಜ್ಯ. ಮಿಸೌರಿಯನ್ನು ಬಿಟ್ಟು, ಫ್ರಾನ್ಸಿನಿಂದ ಕೊಂಡ ಲೂಸಿಯಾನ ಪ್ರದೇಶದ ಉಳಿದ ಭಾಗದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಇಲ್ಲ. ಭೂಪಟದ ಮೇಲೆ ಒಂದು ಗೆರೆ. ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡು ಅಂಗಳದ ನಡುವೆ ಗೋಡೆ ಎಬ್ಬಿಸಿದ ಹಾಗೆ.

77ರ ಜೆಫರ್ಸನ್ ಆ ಏಪ್ರಿಲ್‌ನಲ್ಲಿ ಬರೆದ ಪತ್ರವೊಂದರಲ್ಲಿ, ಈ ಸುದ್ದಿ ನಡುರಾತ್ರಿಯ ಬೆಂಕಿ ಗಂಟೆಯಂತೆ ತನ್ನನ್ನು ಎಬ್ಬಿಸಿತು ಎಂದರು. ತೋಳದ ಕಿವಿ ಹಿಡಿದುಕೊಂಡಿದ್ದೇವೆ, ಹಿಡಿದಿರಲೂ ಆಗದು, ಬಿಡಲೂ ಆಗದು ಎಂಬ ಮಾತೂ ಅದೇ ಪತ್ರದ್ದು. ಅದನ್ನು ಬರೆದವರ ತೋಟದಲ್ಲಿ ನೂರಾರು ಗುಲಾಮರಿದ್ದರು. ಅವರ ಕಿವಿ ಹಿಡಿದಿದ್ದವರು ಯಾರು ಎಂದು ಕೇಳುವ ಧೈರ್ಯ ಆ ಕಾಲದಲ್ಲಿ ಎಷ್ಟು ಜನರಿಗಿತ್ತೋ.

ಆ ಗೆರೆ ಮಾತ್ರ 34 ವರ್ಷ ನಿಂತಿತು. ಸಂವಿಧಾನದ ನಂತರದ ರಾಜಿಗಳ ಪೈಕಿ ಅತಿ ಹೆಚ್ಚು ಬಾಳಿಕೆ ಬಂದದ್ದು ಅದೇ.

ಗುಲಾಮಗಿರಿಯ ಬಗ್ಗೆ ಸಂಸತ್ತಿನಲ್ಲಿ ಮಾತೇ ಆಡಬಾರದು ಎಂಬ ನಿಯಮ ಇತ್ತಂತೆ?

ಇತ್ತು. ಗುಲಾಮಗಿರಿ ವಿರುದ್ಧದ ಅರ್ಜಿಗಳನ್ನು ಓದದೆ, ಚರ್ಚಿಸದೆ ಬದಿಗಿಡಬೇಕು ಎಂದು ಪ್ರತಿನಿಧಿ ಸಭೆ 1836ರಲ್ಲಿ ತೀರ್ಮಾನಿಸಿತು. ಬಾಯಿ ಕಟ್ಟಿದರೆ ಜಗಳ ನಿಲ್ಲುತ್ತದೆ ಎಂಬ ಲೆಕ್ಕ. ಅಧ್ಯಕ್ಷ ಪದವಿಯಿಂದ ಇಳಿದ ಮೇಲೆ ಸಾಮಾನ್ಯ ಸದಸ್ಯರಾಗಿ ಅದೇ ಸಭೆಗೆ ಬಂದಿದ್ದ ಜಾನ್ ಕ್ವಿನ್ಸಿ ಆಡಮ್ಸ್ ವರ್ಷವರ್ಷವೂ ಅರ್ಜಿಗಳ ಕಟ್ಟು ಹೊತ್ತು ತಂದು ಸಭೆಯನ್ನು ಕಾಡಿದರು. 1844ರ ಡಿಸೆಂಬರ್‌ನಲ್ಲಿ ನಿಯಮ ಬಿತ್ತು. ಗುಲಾಮರ ಪಾಡಿಗೆ ಮರುಗದ ಎಷ್ಟೋ ಬಿಳಿಯರಿಗೆ, ತಮ್ಮ ಅರ್ಜಿಯ ಹಕ್ಕಿಗೇ ಕತ್ತರಿ ಬಿದ್ದಾಗ ಎಚ್ಚರವಾಯಿತು.

1850ರ ರಾಜಿಯನ್ನು ಇಷ್ಟೊಂದು ಮುಖ್ಯ ಎನ್ನುವುದೇಕೆ?

ಮೆಕ್ಸಿಕೊ ಜೊತೆಗಿನ ಯುದ್ಧ (1846–48) ಗೆದ್ದು ಅಮೆರಿಕ ಪಶ್ಚಿಮದ ದೊಡ್ಡ ಭೂಭಾಗವನ್ನು ನುಂಗಿತು. ಯುದ್ಧ ಮುಗಿಯುವ ಮೊದಲೇ, ಗೆದ್ದ ನೆಲದಲ್ಲಿ ಗುಲಾಮಗಿರಿ ಬೇಡ ಎಂದು ಪೆನ್ಸಿಲ್ವೇನಿಯಾದ ಡೇವಿಡ್ ವಿಲ್ಮಾಟ್ ತಂದ ಪ್ರಸ್ತಾಪ ಮಿಸೌರಿ ಷರತ್ತಿನ ಹಾಗೆಯೇ ಪ್ರತಿನಿಧಿ ಸಭೆಯಲ್ಲಿ ಗೆದ್ದು ಸೆನೆಟ್‌ನಲ್ಲಿ ಸೋತಿತು. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಜನ ಮುಗಿಬಿದ್ದರು. ಮರುವರ್ಷವೇ ಅಲ್ಲಿನವರು ಗುಲಾಮಗಿರಿ ಬೇಡವೆಂಬ ಸಂವಿಧಾನ ಬರೆದು ರಾಜ್ಯದ ಸ್ಥಾನ ಕೇಳಿದರು. ಆಗ 15–15ರ ಸಮ. ಕ್ಯಾಲಿಫೋರ್ನಿಯಾ ಬಂದರೆ ತಕ್ಕಡಿ ವಾಲುತ್ತದೆ.

1850ರ ಜನವರಿ 29ರಂದು ಕೆಂಟಕಿಯ ಹೆನ್ರಿ ಕ್ಲೇ ಎಂಟು ನಿರ್ಣಯಗಳನ್ನು ಸೆನೆಟ್ ಮುಂದಿಟ್ಟರು. ಮಿಸೌರಿ ಕಾಲದಿಂದ ರಾಜಿ ಮಾಡಿಸುತ್ತಲೇ ಬಂದ, ಸ್ವತಃ ಗುಲಾಮರ ಒಡೆಯರಾಗಿದ್ದ 72ರ ಹಿರಿಯ. ಮುಂದಿನ ತಿಂಗಳುಗಳು ನಾಟಕವನ್ನೂ ಮೀರಿಸಿದವು. ದಕ್ಷಿಣ ಕ್ಯಾರೊಲಿನಾದ ಜಾನ್ ಕ್ಯಾಲ್ಹೂನ್ ಕ್ಷಯದಿಂದ ಮಾತಾಡಲಾರದ ಸ್ಥಿತಿಯಲ್ಲಿ ಕಂಬಳಿ ಹೊದ್ದು ಕೂತರು, ಅವರ ಭಾಷಣವನ್ನು ಮಾರ್ಚ್ 4ರಂದು ಇನ್ನೊಬ್ಬ ಸೆನೆಟರ್ ಓದಿದರು. ಅದೇ ತಿಂಗಳ ಕೊನೆಗೆ ತೀರಿಕೊಂಡರು. ಮಾರ್ಚ್ 7ರಂದು ಮ್ಯಾಸಚೂಸೆಟ್ಸ್‌ನ ಡೇನಿಯಲ್ ವೆಬ್‌ಸ್ಟರ್ ಎದ್ದು ರಾಜಿಯ ಪರ ಮಾತಾಡಿ ಸ್ವಂತ ರಾಜ್ಯದ ಗುಲಾಮಗಿರಿ ವಿರೋಧಿಗಳಿಂದ ದ್ರೋಹಿ ಎನ್ನಿಸಿಕೊಂಡರು. ಏಪ್ರಿಲ್‌ನಲ್ಲಿ ಮಿಸಿಸಿಪಿಯ ಫೂಟ್ ಸೆನೆಟ್ ಸಭಾಂಗಣದೊಳಗೇ ಮಿಸೌರಿಯ ಬೆಂಟನ್ ಎದುರು ಪಿಸ್ತೂಲು ತೆಗೆದರು. ಜುಲೈನಲ್ಲಿ ಅಧ್ಯಕ್ಷ ಟೇಲರ್ ಕಾಯಿಲೆಯಿಂದ ತೀರಿಹೋಗಿ, ರಾಜಿಗೆ ಒಲವಿದ್ದ ಫಿಲ್‌ಮೋರ್ ಆ ಸ್ಥಾನಕ್ಕೆ ಬಂದರು.

ಎಲ್ಲವನ್ನೂ ಒಂದೇ ಮೂಟೆ ಕಟ್ಟಿದ ಮಸೂದೆ ಜುಲೈ ಕೊನೆಗೆ ನೆಲಕಚ್ಚಿತು. ದಣಿದ ಕ್ಲೇ ವಾಷಿಂಗ್ಟನ್ ಬಿಟ್ಟು ಹೋದರು. ಆಗ ಇಲಿನಾಯ್ಸ್‌ನ 37ರ ಸ್ಟೀಫನ್ ಡಗ್ಲಸ್ ಮೂಟೆ ಬಿಚ್ಚಿ ಬಿಡಿ ಬಿಡಿ ಮಸೂದೆಗಳಾಗಿ ಸೆಪ್ಟೆಂಬರ್‌ನಲ್ಲಿ ಪಾಸು ಮಾಡಿಸಿದರು. ಕ್ಯಾಲಿಫೋರ್ನಿಯಾ ಮುಕ್ತ ರಾಜ್ಯ. ನ್ಯೂ ಮೆಕ್ಸಿಕೊ, ಯೂಟಾ ಪ್ರಾಂತ್ಯಗಳಲ್ಲಿ (ಅಂದರೆ ಇನ್ನೂ ರಾಜ್ಯವಾಗದ ಪ್ರದೇಶಗಳಲ್ಲಿ) ಅಲ್ಲಿನವರ ತೀರ್ಮಾನ. ಗಡಿ ತಕರಾರು ಬಿಟ್ಟ ಟೆಕ್ಸಾಸ್‌ಗೆ ಒಂದು ಕೋಟಿ ಡಾಲರ್. ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮರ ವ್ಯಾಪಾರ ಬಂದ್ (ಗುಲಾಮಗಿರಿ ಬಂದ್ ಅಲ್ಲ, ಗಮನಿಸಿ). ಮತ್ತು ದಕ್ಷಿಣಕ್ಕೆ ಹೊಸ, ಕಟುವಾದ ಪರಾರಿ ಗುಲಾಮರ ಕಾಯ್ದೆ.

ಡಗ್ಲಸ್ ಚಾಣಾಕ್ಷತನದಲ್ಲೇ ಈ ರಾಜಿಯ ಟೊಳ್ಳೂ ಇದೆ. ಉತ್ತರದವರು ತಮಗೆ ಬೇಕಾದ ಮಸೂದೆಗೆ ಹೌದು ಎಂದರು, ದಕ್ಷಿಣದವರು ತಮಗೆ ಬೇಕಾದ್ದಕ್ಕೆ. ನಡುವೆ ನಿಂತ ಸಣ್ಣ ಗುಂಪೊಂದು ಅತ್ತ ಇತ್ತ ವಾಲಿ ಎಲ್ಲವನ್ನೂ ದಡ ಮುಟ್ಟಿಸಿತು. ಎಲ್ಲ ಮಸೂದೆಗಳಿಗೂ ಹೌದು ಎಂದ ಸೆನೆಟರ್‌ಗಳು ಬೆರಳೆಣಿಕೆ. ಯಾರೂ ಏನನ್ನೂ ಬಿಟ್ಟುಕೊಡದ ಇದನ್ನು ರಾಜಿ ಅನ್ನುವುದಕ್ಕಿಂತ ಕದನವಿರಾಮ ಅನ್ನುವುದು ಸರಿ.

ಪರಾರಿ ಗುಲಾಮರ ಕಾಯ್ದೆಯಲ್ಲಿ ಅಂಥದ್ದೇನಿತ್ತು?

ನನ್ನನ್ನು ಕೇಳಿದರೆ ಇಡೀ ಕಥೆ ತಿರುಗುವುದು ಇಲ್ಲಿ. ಹಿಡಿದು ತಂದ ವ್ಯಕ್ತಿಗೆ ಜ್ಯೂರಿ ಇಲ್ಲ. ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವ ಹಾಗಿಲ್ಲ. ಒಬ್ಬ ಕಮಿಷನರ್ ಮುಂದೆ ಒಡೆಯನ ಕಡೆಯವರು ಪ್ರಮಾಣಪತ್ರ ತೋರಿಸಿದರೆ ಮುಗಿಯಿತು. ಆ ಕಮಿಷನರ್‌ಗೆ ಶುಲ್ಕವೆಷ್ಟು ಗೊತ್ತೇ? ಗುಲಾಮನೆಂದು ತೀರ್ಮಾನಿಸಿ ಕಳಿಸಿದರೆ 10 ಡಾಲರ್, ಅಲ್ಲವೆಂದು ಬಿಟ್ಟರೆ 5 ಡಾಲರ್. ಕಾಗದಪತ್ರದ ಕೆಲಸ ಹೆಚ್ಚು ಎಂಬುದು ಅದಕ್ಕೆ ಕೊಟ್ಟ ಸಬೂಬು. ಓಡಿಬಂದವರಿಗೆ ಆಸರೆ ಕೊಟ್ಟರೆ 1,000 ಡಾಲರ್ ತನಕ ದಂಡ, ಆರು ತಿಂಗಳ ತನಕ ಜೈಲು. ಹಿಡಿಯಲು ಬಂದ ಅಧಿಕಾರಿ ಕರೆದರೆ ದಾರಿಹೋಕನೂ ಕೈಜೋಡಿಸಬೇಕು. ಹುಟ್ಟಾ ಸ್ವತಂತ್ರರಾಗಿದ್ದ ಕಪ್ಪು ಜನರೂ ರಾತ್ರೋರಾತ್ರಿ ಕೆನಡಾ ದಾರಿ ಹಿಡಿದರು. ತಪ್ಪಾಗಿ ಹಿಡಿದರೆ ಬಿಡಿಸಿಕೊಳ್ಳಲು ದಾರಿಯೇ ಇರಲಿಲ್ಲವಲ್ಲ.

ಅಲ್ಲಿಯವರೆಗೆ ಬಾಸ್ಟನ್ನಿನ ವರ್ತಕನಿಗೆ ಗುಲಾಮಗಿರಿ ದೂರದೂರಿನ ಸುದ್ದಿ. ಈಗ ಅವನ ಬೀದಿಗೇ ಬೇಡಿ ಬಂತು. 1854ರ ಮೇ 24ರಂದು ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಂದು ಬಟ್ಟೆ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಆಂಟನಿ ಬರ್ನ್ಸ್ ಎಂಬ ಯುವಕನನ್ನು ಬಾಸ್ಟನ್ನಿನಲ್ಲಿ ಹಿಡಿದರು. ಬಿಡಿಸಲು ಜನ ಕೋರ್ಟಿನ ಬಾಗಿಲು ಮುರಿದರು, ಒಬ್ಬ ಕಾವಲುಗಾರ ಸತ್ತ. ಜೂನ್ 2ರಂದು ಒಬ್ಬನೇ ಒಬ್ಬ ಮನುಷ್ಯನನ್ನು ಹಡಗಿಗೆ ಹತ್ತಿಸಲು ಸೈನಿಕರ ಸಾಲು, ಫಿರಂಗಿ, ಕುದುರೆಪಡೆ ಎಲ್ಲ ಬೇಕಾಯಿತು. ಬೀದಿಯ ಕಟ್ಟಡಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು, 'ಸ್ವಾತಂತ್ರ್ಯ' ಎಂದು ಬರೆದ ಶವಪೆಟ್ಟಿಗೆಯನ್ನು ನೇತುಹಾಕಿದ್ದರು. ಮರುವರ್ಷ ಬಾಸ್ಟನ್ನಿನ ಜನ ಚಂದಾ ಎತ್ತಿ ಬರ್ನ್ಸ್‌ರನ್ನು ಕೊಂಡು ಬಿಡುಗಡೆ ಮಾಡಿಸಿದರು. ಮುಂದೆ ಅವರು ಕೆನಡಾದಲ್ಲಿ ಚರ್ಚಿನ ಪಾದ್ರಿಯಾದರು.

ಅಮೋಸ್ ಲಾರೆನ್ಸ್ ಎಂಬ ಶ್ರೀಮಂತ, ಹತ್ತಿ ಗಿರಣಿಗಳ ಮನೆತನದವರು, ಬರೆದ ಮಾತು ಪ್ರಸಿದ್ಧ: ರಾತ್ರಿ ಮಲಗುವಾಗ ರಾಜಿಪರ ಸಂಪ್ರದಾಯಸ್ಥರಾಗಿದ್ದೆವು, ಬೆಳಗ್ಗೆ ಏಳುವಾಗ ಗುಲಾಮಗಿರಿ ವಿರೋಧದ ಹುಚ್ಚು ಹತ್ತಿತ್ತು. ದಕ್ಷಿಣವನ್ನು ಸಮಾಧಾನ ಮಾಡಲು ಮಾಡಿದ ಕಾಯ್ದೆ ದಕ್ಷಿಣಕ್ಕೆ ಉತ್ತರದ ತುಂಬ ವೈರಿಗಳನ್ನು ಹುಟ್ಟಿಸಿತು.

ಕನ್ಸಾಸ್‌ನಲ್ಲಿ ಜನರೇ ತೀರ್ಮಾನಿಸಲಿ ಎಂದದ್ದು ಪ್ರಜಾಪ್ರಭುತ್ವವೇ ಅಲ್ಲವೇ? ತಪ್ಪೇನು?

ಕೇಳಲು ಚೆಂದ. ಬರ್ನ್ಸ್‌ರನ್ನು ಹಿಡಿದಿಟ್ಟಿದ್ದ ಅದೇ ವಾರ, 1854ರ ಮೇ 30ರಂದು, ಕನ್ಸಾಸ್–ನೆಬ್ರಾಸ್ಕಾ ಕಾಯ್ದೆಗೆ ಸಹಿ ಬಿತ್ತು. ಅದನ್ನು ತಂದವರು ಮತ್ತದೇ ಸ್ಟೀಫನ್ ಡಗ್ಲಸ್. ಪಶ್ಚಿಮಕ್ಕೆ ರೈಲು ಹಾಕಿಸುವ ಆಸೆ, ಅದಕ್ಕೆ ದಕ್ಷಿಣದ ಓಟು ಬೇಕು. ಬೆಲೆಯಾಗಿ 1820ರ ಗೆರೆಯನ್ನೇ ಅಳಿಸಿದರು. ಗುಲಾಮಗಿರಿ ಬೇಕೋ ಬೇಡವೋ, ಪ್ರಾಂತ್ಯದ ನಿವಾಸಿಗಳು ನಿರ್ಧರಿಸಲಿ.

ನಿವಾಸಿ ಯಾರು, ಯಾವಾಗ ಓಟು ಎಂಬುದನ್ನು ಸಡಿಲ ಬಿಟ್ಟರೆ ಏನಾಗುತ್ತದೆ? 1855ರ ಮಾರ್ಚ್‌ನ ಕನ್ಸಾಸ್ ಚುನಾವಣೆಯಲ್ಲಿ ಅರ್ಹ ಮತದಾರರು 2,905. ಬಿದ್ದ ಓಟು 6,307. ಮಿಸೌರಿಯಿಂದ ಬಂದೂಕು ಹಿಡಿದು ಗಡಿ ದಾಟಿ ಬಂದವರು ಓಟು ಹಾಕಿ ಮನೆಗೆ ಮರಳಿದ್ದರು. ಉತ್ತರದಿಂದಲೂ ಜನ ಬಂದು ನೆಲೆಸಿದರು. ಅವರಿಗೆ ಹಣ ಒದಗಿಸಿದವರಲ್ಲಿ ಮೇಲೆ ಹೇಳಿದ ಲಾರೆನ್ಸ್ ಒಬ್ಬರು, ಅಲ್ಲಿ ಅವರ ಹೆಸರಿನದೇ ಊರು ಎದ್ದಿತು. 1856ರ ಮೇ 21ರಂದು ಗುಲಾಮಗಿರಿ ಪರದವರು ಲಾರೆನ್ಸ್ ಊರನ್ನು ಲೂಟಿ ಮಾಡಿದರು. ಮರುದಿನ ವಾಷಿಂಗ್ಟನ್‌ನಲ್ಲಿ, ಕನ್ಸಾಸ್ ಬಗ್ಗೆ ಬಿರುಸಾಗಿ ಮಾತಾಡಿದ್ದ ಗುಲಾಮಗಿರಿ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ದಕ್ಷಿಣ ಕ್ಯಾರೊಲಿನಾದ ಪ್ರೆಸ್ಟನ್ ಬ್ರೂಕ್ಸ್ ಸೆನೆಟ್ ಒಳಗೇ ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಹೊಡೆದರು. ಮೂರನೇ ರಾತ್ರಿ ಗುಲಾಮಗಿರಿಯ ಕಡು ವಿರೋಧಿ ಜಾನ್ ಬ್ರೌನ್ ಮತ್ತು ಮಕ್ಕಳು ಕನ್ಸಾಸ್‌ನಲ್ಲಿ ಎದುರು ಬಣದ ಐವರನ್ನು ಮನೆಯಿಂದ ಎಳೆದು ಕೊಂದರು. ನಾಲ್ಕು ದಿನದ ಲೆಕ್ಕ ಇದು.

ಇನ್ನು ಮೂಲ ಪ್ರಶ್ನೆ. ಒಬ್ಬ ಮನುಷ್ಯ ಇನ್ನೊಬ್ಬನ ಆಸ್ತಿಯೇ ಎಂಬುದನ್ನು ಓಟಿಗೆ ಹಾಕುವಾಗ, ಆಸ್ತಿಯಾಗಬೇಕಾದವನಿಗೆ ಓಟು ಇರಲಿಲ್ಲ. ಅದನ್ನು ಪ್ರಜಾಪ್ರಭುತ್ವ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಕೋರ್ಟು ಬಗೆಹರಿಸಬಹುದಿತ್ತಲ್ಲ?

ಬಗೆಹರಿಸಲು ಹೋಗಿ ಕೆಡಿಸಿತು. ಡ್ರೆಡ್ ಸ್ಕಾಟ್ ಎಂಬಾತನನ್ನು ಅವನ ಒಡೆಯ, ಒಬ್ಬ ಸೇನಾ ವೈದ್ಯ, ಇಲಿನಾಯ್ಸ್ ರಾಜ್ಯಕ್ಕೂ 1820ರ ಗೆರೆಯ ಉತ್ತರದ ಪ್ರಾಂತ್ಯಕ್ಕೂ ಕರೆದೊಯ್ದಿದ್ದ. ಮುಕ್ತ ನೆಲದಲ್ಲಿ ಬದುಕಿದ ನಾನು ಮುಕ್ತ ಎಂದು ಸ್ಕಾಟ್ ದಾವೆ ಹೂಡಿದರು. 1857ರ ಮಾರ್ಚ್ 6ರಂದು ಸುಪ್ರೀಂ ಕೋರ್ಟ್ 7–2ರ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ ಪ್ರಕಾರ ಕಪ್ಪು ಜನ ದೇಶದ ಪ್ರಜೆಗಳೇ ಅಲ್ಲ, ದಾವೆ ಹೂಡುವ ಹಕ್ಕೇ ಇಲ್ಲ. ಸಾಲದ್ದಕ್ಕೆ, ಪ್ರಾಂತ್ಯಗಳಲ್ಲಿ ಗುಲಾಮಗಿರಿಯನ್ನು ತಡೆಯುವ ಅಧಿಕಾರ ಕಾಂಗ್ರೆಸ್‌ಗೂ ಇರಲಿಲ್ಲ. ಅಂದರೆ ಮಿಸೌರಿ ರಾಜಿ ಮೊದಲಿಂದಲೇ ಅಸಿಂಧು. ಎರಡು ದಿನ ಹಿಂದಷ್ಟೇ ಅಧಿಕಾರ ವಹಿಸಿಕೊಂಡ ಅಧ್ಯಕ್ಷ ಬುಕಾನನ್, ಕೋರ್ಟು ಏನು ಹೇಳಿದರೂ ತಲೆಬಾಗೋಣ ಎಂದು ಭಾಷಣ ಬಿಗಿದಿದ್ದರು. ತೀರ್ಪು ಎತ್ತ ಸಾಗುತ್ತಿದೆ ಎಂಬುದು ಅವರಿಗೆ ಮೊದಲೇ ತಿಳಿದಿತ್ತು. ಒಬ್ಬ ನ್ಯಾಯಮೂರ್ತಿಗೆ ಪತ್ರ ಬರೆದು ಒತ್ತಡವನ್ನೂ ಹಾಕಿದ್ದರು.

ಹಣ ಕೊಟ್ಟು ಗುಲಾಮರನ್ನು ಬಿಡಿಸಬಹುದಿತ್ತು. ಬ್ರಿಟನ್ ಹಾಗೇ ಮಾಡಿತಲ್ಲ?

ಮಾಡಿತು. 1833ರ ಕಾಯ್ದೆಯಲ್ಲಿ 2 ಕೋಟಿ ಪೌಂಡ್ ಪರಿಹಾರ ಇಟ್ಟಿತು. ಪರಿಹಾರ ಒಡೆಯರಿಗೆ, ದುಡಿದವರಿಗೆ ಒಂದು ಕಾಸೂ ಇಲ್ಲ.

ಅಮೆರಿಕದಲ್ಲಿ ಮೊತ್ತವೇ ಬೇರೆ. 1860ರಲ್ಲಿ ಗುಲಾಮರ ಮಾರುಕಟ್ಟೆ ಬೆಲೆ ಒಟ್ಟು 300 ಕೋಟಿ ಡಾಲರ್ ದಾಟುತ್ತಿತ್ತು ಎಂದು ಅಂದಾಜು. ಒಕ್ಕೂಟ ಸರ್ಕಾರದ ವರ್ಷದ ಖರ್ಚು 7 ಕೋಟಿ ಡಾಲರೂ ಇರಲಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿ, ಮಾರುವವರೇ ಒಪ್ಪಲಿಲ್ಲ. ಡೆಲವೇರ್‌ನಲ್ಲಿ ಗುಲಾಮರು ಎರಡು ಸಾವಿರವೂ ಇರಲಿಲ್ಲ. ಯುದ್ಧ ಶುರುವಾದ ಮೇಲೆ ಲಿಂಕನ್ ಪರಿಹಾರದ ಯೋಜನೆ ಮುಂದಿಟ್ಟರೆ ಅದೂ ಬೇಡ ಎಂದಿತು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಮಾತ್ರ 1862ರ ಏಪ್ರಿಲ್‌ನಲ್ಲಿ ಒಡೆಯರಿಗೆ ತಲೆಗೆ ಗರಿಷ್ಠ 300 ಡಾಲರ್ ಕೊಟ್ಟು ಸುಮಾರು 3,100 ಜನರನ್ನು ಬಿಡಿಸಿದರು.

ಕಪ್ಪು ಜನರನ್ನು ಯಾರಾದರೂ ಒಂದು ಮಾತು ಕೇಳಿದರೇ?

ಕೇಳಲಿಲ್ಲ. ಅವರು ಹೇಳದೆ ಸುಮ್ಮನಿರಲೂ ಇಲ್ಲ. 1816ರಲ್ಲಿ ಹುಟ್ಟಿದ ಸಂಘವೊಂದು, ಮುಂದೆ ಹೆನ್ರಿ ಕ್ಲೇ ಅವರೇ ಅಧ್ಯಕ್ಷರಾದ ಸಂಘ, ಬಿಡುಗಡೆಯಾದ ಕಪ್ಪು ಜನರನ್ನು ಆಫ್ರಿಕಾಕ್ಕೆ ಸಾಗಿಸುವುದೇ ನಡುದಾರಿ ಎಂದಿತು. ಮರುವರ್ಷ ಫಿಲಡೆಲ್ಫಿಯಾದ ಬೆಥೆಲ್ ಚರ್ಚಿನಲ್ಲಿ ಸಾವಿರಾರು ಕಪ್ಪು ಜನ ಸೇರಿ ಒಕ್ಕೊರಲಿನಿಂದ ಬೇಡ ಎಂದರು. ಇದು ನಮ್ಮ ದೇಶ, ಎಲ್ಲಿಗೆ ಹೋಗುವುದು?

1838ರಲ್ಲಿ ಮೇರಿಲ್ಯಾಂಡ್‌ನಿಂದ ತಪ್ಪಿಸಿಕೊಂಡ ಫ್ರೆಡೆರಿಕ್ ಡಗ್ಲಸ್ (ಸ್ಟೀಫನ್‌ಗೂ ಇವರಿಗೂ ಹೆಸರಿನ ಹೋಲಿಕೆ ಬಿಟ್ಟರೆ ಬೇರೆ ನಂಟಿಲ್ಲ) ಪತ್ರಿಕೆ ನಡೆಸಿದರು, ಊರೂರು ತಿರುಗಿ ಭಾಷಣ ಮಾಡಿದರು. ಇವರಿಗೂ ಮಿಗಿಲಾಗಿ, ಓಡಿಹೋದ ಹೆಸರಿಲ್ಲದ ಸಾವಿರಾರು ಜನರನ್ನು ನೆನೆಯಬೇಕು. ಅವರು ಓಡಿದ್ದರಿಂದಲೇ ಕಾಯ್ದೆ ಬಂತು, ಕಾಯ್ದೆಯಿಂದಲೇ ಬಾಸ್ಟನ್ ಕೆರಳಿತು. ಕಟ್ಟೆಗೆ ಕರೆಯದಿದ್ದವರು ಕಾಲಿನಿಂದಲೇ ಉತ್ತರ ಕೊಟ್ಟರು.

ಯುದ್ಧದ ಹೊಸ್ತಿಲಲ್ಲಿ ಏನೇನು ಪ್ರಯತ್ನಗಳಾದವು?

1860ರ ನವೆಂಬರ್ 6ರ ಅಧ್ಯಕ್ಷ ಚುನಾವಣೆಯಲ್ಲಿ, ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹಬ್ಬಬಾರದು ಎಂಬ ಪಕ್ಷದ ಲಿಂಕನ್ ಗೆದ್ದರು. ಓಟಿನ ಪಾಲು ಶೇ 40ಕ್ಕೂ ಒಂದಿಷ್ಟು ಕಡಿಮೆ. ಡಿಸೆಂಬರ್ 20ಕ್ಕೆ ದಕ್ಷಿಣ ಕ್ಯಾರೊಲಿನಾ ಒಕ್ಕೂಟ ಬಿಟ್ಟಿತು. ಅದಕ್ಕೆ ಎರಡು ದಿನ ಮೊದಲು ಕೆಂಟಕಿಯ ಮುದಿ ಸೆನೆಟರ್ ಜಾನ್ ಕ್ರಿಟೆಂಡನ್ ಆರು ಸಂವಿಧಾನ ತಿದ್ದುಪಡಿಗಳನ್ನು ಮುಂದಿಟ್ಟಿದ್ದರು. 36 ಡಿಗ್ರಿ 30 ನಿಮಿಷದ ಹಳೆಯ ಗೆರೆಯನ್ನು ಪೆಸಿಫಿಕ್ ಸಾಗರದ ತನಕ ಎಳೆಯುವುದು. ಗೆರೆಯ ದಕ್ಷಿಣಕ್ಕೆ ಗುಲಾಮಗಿರಿಗೆ ರಕ್ಷಣೆ, ಈಗಿರುವ ಪ್ರದೇಶಗಳಲ್ಲಷ್ಟೇ ಅಲ್ಲ, 'ಮುಂದೆ ಗಳಿಸುವ' ಪ್ರದೇಶಗಳಲ್ಲೂ. ದಕ್ಷಿಣದ ಕಣ್ಣು ಕ್ಯೂಬಾದ ಮೇಲಿತ್ತು ಎಂದು ಎಲ್ಲರಿಗೂ ಗೊತ್ತಿತ್ತು. ಈ ತಿದ್ದುಪಡಿಗಳನ್ನು ಮುಂದೆ ಯಾರೂ ಮುಟ್ಟುವಂತಿಲ್ಲ ಎಂಬ ಬೀಗ ಬೇರೆ. 13 ಜನರ ಸೆನೆಟ್ ಸಮಿತಿಯಲ್ಲಿ ಅದು ಬಿತ್ತು, 1861ರ ಮಾರ್ಚ್ 2ರಂದು ಸೆನೆಟ್‌ನಲ್ಲೂ ಒಂದೇ ಓಟಿನಿಂದ ಬಿತ್ತು. ಕ್ರಿಟೆಂಡನ್‌ರ ಒಬ್ಬ ಮಗ ದಕ್ಷಿಣದ ಜನರಲ್ ಆದ, ಇನ್ನೊಬ್ಬ ಉತ್ತರದ ಜನರಲ್.

1861ರ ಫೆಬ್ರವರಿ 4ರಂದು ವಾಷಿಂಗ್ಟನ್‌ನ ವಿಲ್ಲರ್ಡ್ ಹೋಟೆಲಿನಲ್ಲಿ 'ಶಾಂತಿ ಸಮ್ಮೇಳನ' ಕೂಡಿತು. ಒಕ್ಕೂಟ ಬಿಟ್ಟ ರಾಜ್ಯಗಳು ಬರಲೇ ಇಲ್ಲ. ಅದೇ ದಿನ ಅವು ಅಲಬಾಮಾದ ಮಾಂಟ್ಗೊಮೆರಿಯಲ್ಲಿ ಬೇರೆ ಸರ್ಕಾರ ಕಟ್ಟಲು ಕೂತಿದ್ದವು. ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಮಾಜಿ ಅಧ್ಯಕ್ಷ ಜಾನ್ ಟೈಲರ್ ಕೆಲವೇ ವಾರಗಳಲ್ಲಿ ಪ್ರತ್ಯೇಕತೆಯ ಕಡೆ ವಾಲಿದರು.

ಲಿಂಕನ್ ಒಂದಿಷ್ಟು ಬಗ್ಗಿದ್ದರೆ ಯುದ್ಧ ತಪ್ಪುತ್ತಿತ್ತೇ?

ಅವರು ಬಗ್ಗಲಿಲ್ಲ ಅನ್ನುವುದೇ ಅರ್ಧ ಸತ್ಯ. ಈಗಿರುವ ರಾಜ್ಯಗಳಲ್ಲಿ ಗುಲಾಮಗಿರಿಗೆ ಕೈಹಾಕುವುದಿಲ್ಲ ಎಂದರು, ಪರಾರಿ ಕಾಯ್ದೆಯನ್ನೂ ಒಪ್ಪಿಕೊಂಡರು. ಒಂದೇ ಒಂದು ಕಡೆ ಬಂಡೆಯಾದರು. ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹಬ್ಬಿಸುವ ವಿಷಯದಲ್ಲಿ ರಾಜಿ ಬೇಡ ಎಂದು 1860ರ ಡಿಸೆಂಬರ್ 10ರಂದು ಸೆನೆಟರ್ ಟ್ರಂಬುಲ್‌ಗೆ ಬರೆದರು. ಅದನ್ನು ಬಿಟ್ಟರೆ ತಮ್ಮ ಪಕ್ಷ ಹುಟ್ಟಿದ್ದಕ್ಕೇ ಅರ್ಥವಿರಲಿಲ್ಲ. ಗೆದ್ದ ಚುನಾವಣೆಯನ್ನು ಸೋತವರ ಬೆದರಿಕೆಗೆ ಒತ್ತೆ ಇಟ್ಟಂತೆಯೂ ಆಗುತ್ತಿತ್ತು.

ಯುದ್ಧ ಇನ್ನೊಂದು ಹತ್ತು ವರ್ಷ ಮುಂದೆ ಹೋಗುತ್ತಿತ್ತೇನೋ. ಆದರೆ ಆ ಹತ್ತು ವರ್ಷ 40 ಲಕ್ಷ ಜನರಿಗೆ 'ಶಾಂತಿ'ಯಲ್ಲ. ಸತ್ತ ಆರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಮುಂದಿಟ್ಟು ವಾದಿಸುವವರು ಈ ಇನ್ನೊಂದು ಬದಿಯ ಲೆಕ್ಕವನ್ನೂ ಬರೆಯಬೇಕು.

ಜಗಳ ಗುಲಾಮಗಿರಿಯದ್ದಲ್ಲ, ರಾಜ್ಯಗಳ ಹಕ್ಕಿನದು ಎನ್ನುತ್ತಾರಲ್ಲ?

ಒಕ್ಕೂಟ ಬಿಡುವಾಗ ಆ ರಾಜ್ಯಗಳೇ ಹೊರಡಿಸಿದ ಘೋಷಣೆಗಳನ್ನು ಓದಿ. ಮಿಸಿಸಿಪಿ ಎರಡನೇ ವಾಕ್ಯದಲ್ಲೇ, ನಮ್ಮ ನಿಲುವು ಗುಲಾಮಗಿರಿಯ ಜೊತೆ ಬೆಸೆದುಕೊಂಡಿದೆ ಎಂದಿತು. ದಕ್ಷಿಣ ಕ್ಯಾರೊಲಿನಾದ ದೂರು, ಉತ್ತರದ ರಾಜ್ಯಗಳು ಪರಾರಿ ಗುಲಾಮರನ್ನು ಹಿಡಿದು ಕೊಡುತ್ತಿಲ್ಲ ಎಂಬುದು. ಅಂದರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದವು ಎಂಬುದೇ ದೂರು! ಉತ್ತರದ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟು (ನಮ್ಮ ಹೈಕೋರ್ಟಿಗೆ ಸಮ) ಪರಾರಿ ಕಾಯ್ದೆಯೇ ಅಸಿಂಧು ಎಂದಾಗ, ರಾಜ್ಯದ ಹಕ್ಕನ್ನು ಕೊಂಡಾಡುವವರು ಯಾರೂ ದಕ್ಷಿಣದಲ್ಲಿ ಚಪ್ಪಾಳೆ ತಟ್ಟಲಿಲ್ಲ.

ನಮ್ಮ ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೇ?

ಇದೆ, ಹತ್ತಿಯ ಎಳೆಯಲ್ಲಿ. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೆರಿಕದ್ದು. ಒಂದೇ ಕಡೆ ನೆಚ್ಚಿಕೊಂಡ ಭಯ ಬ್ರಿಟಿಷರಿಗೆ ಮೊದಲಿಂದಲೂ ಇತ್ತು. 1840ರ ದಶಕದಲ್ಲೇ ಅಮೆರಿಕದ ಬೀಜ ತಂದು ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬಿತ್ತಿಸಿದರು. 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲಿ ಅದು ವಿದೇಶಿ ಪೇಟೆ ಸೇರಿತು. ನಮ್ಮ ಜವಾರಿ ಹತ್ತಿ ಎತ್ತಿನ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದುದರಿಂದ ವ್ಯಾಪಾರಿಗಳ ಬಾಯಲ್ಲಿ ಅದು 'ಕುಂಪ್ಟಾ' ಹತ್ತಿಯಾಯಿತು. ಕಾರವಾರ ಬಂದರನ್ನು ಬೆಳೆಸಿ ಎಂದು ಮ್ಯಾಂಚೆಸ್ಟರಿನ ಹತ್ತಿ ಕುಳಗಳು ಒತ್ತಾಯಿಸಿದ್ದು, 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು, ಎರಡರ ಹಿಂದೆಯೂ ಈ ಹತ್ತಿಯ ಹಸಿವು ಇದೆ. ಯುದ್ಧ ನಡೆದಷ್ಟು ದಿನ ಹತ್ತಿಗೆ ಚಿನ್ನದ ಬೆಲೆ. 1865ರಲ್ಲಿ ಯುದ್ಧ ಮುಗಿಯುತ್ತಲೇ ದರ ಕುಸಿಯಿತು, ಏರಿದ ದರ ನೆಚ್ಚಿ ಸಾಲ ಮಾಡಿದವರು ಸಿಕ್ಕಿಬಿದ್ದರು.

ಗುಲಾಮಗಿರಿ ನಿಲ್ಲಿಸಿದ 13ನೇ ತಿದ್ದುಪಡಿಗೆ ಮೊದಲು ಇನ್ನೊಂದು '13ನೇ ತಿದ್ದುಪಡಿ' ಇತ್ತಂತೆ?

ಇತ್ತು, ಮತ್ತು ಅದು ಹೇಳುತ್ತಿದ್ದುದು ತದ್ವಿರುದ್ಧ. ಒಹಾಯೊದ ಥಾಮಸ್ ಕಾರ್ವಿನ್ ಹೆಸರಿನ ಆ ತಿದ್ದುಪಡಿಯ ಪ್ರಕಾರ, ರಾಜ್ಯಗಳೊಳಗಿನ ಗುಲಾಮಗಿರಿಯನ್ನು ರದ್ದು ಮಾಡುವ ಅಧಿಕಾರ ಕಾಂಗ್ರೆಸ್‌ಗೆ ಯಾವತ್ತೂ ಸಿಗದಂತೆ ಸಂವಿಧಾನವೇ ತಡೆಯುತ್ತಿತ್ತು. 1861ರ ಫೆಬ್ರವರಿ 28ರಂದು ಪ್ರತಿನಿಧಿ ಸಭೆ 133–65ರಿಂದ, ಮಾರ್ಚ್ 2ರಂದು ಸೆನೆಟ್ 24–12ರಿಂದ ಒಪ್ಪಿತು. ಬೇಕಾದ ಮೂರನೇ ಎರಡು ಬಹುಮತ ಸೆನೆಟ್‌ನಲ್ಲಿ ಕೂದಲೆಳೆಯಷ್ಟೂ ಹೆಚ್ಚಿಲ್ಲದೆ, ಕರಾರುವಾಕ್ಕಾಗಿ ಬಂತು. ಎರಡು ದಿನದ ನಂತರ ಲಿಂಕನ್ ಪ್ರಮಾಣವಚನದ ಭಾಷಣದಲ್ಲಿ ಅದಕ್ಕೆ ತಮ್ಮ ಆಕ್ಷೇಪವಿಲ್ಲ ಎಂದರು. ಕೆಂಟಕಿ, ಒಹಾಯೊ, ಮೇರಿಲ್ಯಾಂಡ್ ಸೇರಿ ಕೆಲವು ರಾಜ್ಯಗಳು ಅನುಮೋದಿಸಿದವು ಕೂಡ. ಆದರೆ ಏಪ್ರಿಲ್ 12ರ ನಸುಕಿನಲ್ಲಿ ದಕ್ಷಿಣದವರು ಸಮ್ಟರ್ ಕೋಟೆಯ ಮೇಲೆ ಫಿರಂಗಿ ಹಾರಿಸಿ ಯುದ್ಧ ಶುರುವಾದ ಮೇಲೆ ಆ ಕಾಗದಕ್ಕೆ ಕೇಳುವವರಿಲ್ಲದಾಯಿತು. 1865ರ ಡಿಸೆಂಬರ್ 6ರಂದು ಜಾರಿಗೆ ಬಂದ 13ನೇ ತಿದ್ದುಪಡಿಯಲ್ಲಿ 'ಗುಲಾಮಗಿರಿ' ಎಂಬ ಪದ ಮೊದಲ ಸಲ ಆ ಸಂವಿಧಾನದೊಳಗೆ ಬಂತು, ನಿಷೇಧದ ಜೊತೆಗೇ.

ಕಾರ್ವಿನ್ ತಿದ್ದುಪಡಿಗೆ ಗಡುವು ಹಾಕಿರಲಿಲ್ಲ. ಹಾಗಾಗಿ ತಾಂತ್ರಿಕವಾಗಿ ಅದು ಇವತ್ತಿಗೂ ರಾಜ್ಯಗಳ ಮುಂದೆ ಬಾಕಿ ಇದೆ. ಒಹಾಯೊ ತನ್ನ ಅನುಮೋದನೆಯನ್ನು 1864ರಲ್ಲೇ ಹಿಂತೆಗೆದುಕೊಂಡಿತು. ಮೇರಿಲ್ಯಾಂಡ್ ಹಿಂತೆಗೆದುಕೊಂಡದ್ದು 2014ರಲ್ಲಿ.